ನಾನು ಮುಟ್ಟದ ಒಂಬತ್ತು ಕೋನುಗಳು

ಮೂವತ್ತು ವರ್ಷ ಗಾಡಿ ಓಡಿಸಿದ್ದೇನೆ, ಒಂದು ಕೋಳಿಯನ್ನೂ ಕೊಂದವನಲ್ಲ. ಹೊಳೆನರಸೀಪುರದಲ್ಲಿ ನನ್ನದೊಂದು ತೆಂಗಿನಕಾಯಿ ಮಂಡಿ ಇದೆ. ಕಾಯಿ ತುಂಬಿದ ಮಿನಿ ಲಾರಿಯನ್ನು ರಿವರ್ಸಿನಲ್ಲಿ ಮಂಡಿಯ ಗಲ್ಲಿಯೊಳಗೆ ಹೊಗಿಸಿ, ಎರಡೂ ಪಕ್ಕ ನಾಲ್ಕು ನಾಲ್ಕು ಬೆರಳು ಜಾಗ ಉಳಿಸಿದ ಕೀರ್ತಿ ನನ್ನದು. ಇಂಥ ಮಹಾಶಯನಿಗೆ ಖಾಲಿ ಬಯಲಿನಲ್ಲಿ ಪ್ಲಾಸ್ಟಿಕ್ ಕೋನುಗಳ ನಡುವೆ ಕಾರು ಓಡಿಸುವುದು ಒಂದು ಕಷ್ಟವೇ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಆ ಆಟಕ್ಕೆ ಆಟೋಕ್ರಾಸ್ ಎಂದು ಹೆಸರು. ಬಯಲಿನಲ್ಲಿ ಕೋನು ಇಟ್ಟು ಅಂಕುಡೊಂಕು ದಾರಿ ಮಾಡಿರುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಓಡಿಸಬೇಕು. ಯಾರಿಗೆ ಕಡಿಮೆ ಹೊತ್ತು ಹಿಡಿಯಿತೋ ಅವರು ಗೆದ್ದರು. ಕೋನಿಗೆ ಕಾರು ತಗುಲಿದರೆ ಒಂದೊಂದಕ್ಕೂ ಎರಡೆರಡು ಸೆಕೆಂಡು ದಂಡ. ಹಾಸನದ ಒಂದು ಮೋಟಾರ್ ಕ್ಲಬ್ಬಿನವರು ಬೂವನಹಳ್ಳಿ ಕಡೆಯ ಮೈದಾನದಲ್ಲಿ ಇದನ್ನು ಏರ್ಪಡಿಸಿದ್ದರು. ಆ ಕಡೆ ಕಟ್ಟುತ್ತಿರುವ ನಿಲ್ದಾಣಕ್ಕೆ ವಿಮಾನ ಬರುತ್ತದೆಂದು ಎಲ್ಲರೂ ಕಾಯುತ್ತಿದ್ದಾರೆ, ಅಷ್ಟರೊಳಗೆ ನಾನೇ ಒಂದು ಸಲ ಹಾರಿಬಿಡೋಣ ಎಂದುಕೊಂಡೆ.

ನನ್ನ ಕಾರೂ ಸಾಮಾನ್ಯದ್ದಲ್ಲ. ಸಕಲೇಶಪುರ ಕಡೆಯ ಕಾಫಿ ತೋಟದವರೊಬ್ಬರು ಓಡಿಸಿ ಸಾಕಾಗಿ ಮಾರಿದ ಹಳೇ ಸೆಡಾನು. ಟರ್ಬೊ ಎಂಜಿನ್ನು. ಅದರ ಬಲ ನಾಲ್ಕೂ ಚಕ್ರಕ್ಕೂ ಹೋಗುತ್ತದೆ. ಬೇರೆ ಕಾರುಗಳಲ್ಲಿ ಎರಡು ಚಕ್ರ ದುಡಿಯುತ್ತವೆ, ಇನ್ನೆರಡು ಸುಮ್ಮನೆ ಜೊತೆಗೆ ಬರುತ್ತವೆ ಎಂದು ನನ್ನ ಹೆಂಡತಿ ಸಾವಿತ್ರಿಗೆ ವಿವರಿಸಿದೆ. "ನಮ್ಮ ಸಂಸಾರದಲ್ಲಿ ಸುಮ್ನೆ ಬರೋ ಚಕ್ರ ಯಾವುದು ಏಳಿ" ಎಂದು ಕೇಳಿದಳು. ನಾನು ಕಾರಿನ ಗಾಜು ಒರೆಸಲು ಹೋದೆ.

ಈ ವಯಸ್ಸಿನಲ್ಲಿ ರೇಸಿನ ಹುಚ್ಚು ಹಿಡಿಯಲು ಒಂದು ಕಾರಣವಿತ್ತು. ಅದನ್ನು ಸಾವಿತ್ರಿಗೆ ಹೇಳಿರಲಿಲ್ಲ.

ಒಂದು ತಿಂಗಳ ಹಿಂದೆ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ದೆ. ಅಲ್ಲೊಂದು ಯಂತ್ರ. ಅದರೊಳಗೆ ಮುಖ ಇಟ್ಟು ನೇರ ನೋಡುತ್ತಿರಬೇಕು, ಅಕ್ಕಪಕ್ಕ ಎಲ್ಲಾದರೂ ಚುಕ್ಕಿ ಬೆಳಕು ಹೊಳೆದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನನಗೆ ಹೊಳೆಯುವುದು ಕಾಣುತ್ತಲೇ ಇರಲಿಲ್ಲ. ಸ್ಕೂಲಿನಲ್ಲೂ ನಾನು ಉತ್ತರ ಗೊತ್ತಿಲ್ಲದೆ ಹಾಳೆ ಖಾಲಿ ಬಿಟ್ಟವನಲ್ಲ. ಅಂದಾಜಿನ ಮೇಲೆ ಟಕಟಕ ಒತ್ತಿದೆ. ಡಾಕ್ಟರಮ್ಮ ಕಾಗದ ನೋಡಿ, "ಬೆಳಕೇ ಬರದಿದ್ದಾಗಲೂ ಒತ್ತಿದೀರಲ್ಲ, ಈ ಪೇಷಂಟನ್ನ ನಂಬೋಕಾಗಲ್ಲ ಅಂತ ಮೆಷಿನ್ನೇ ಬರೆದಿದೆ" ಎಂದರು. ಮತ್ತೆ ಕೂರಿಸಿದರು. ಈ ಸಲ ಮೋಸ ಮಾಡಲಿಲ್ಲ.

ಗ್ಲಾಕೋಮ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತದಂತೆ. ಎಡಗಣ್ಣು ಬಹುತೇಕ ಹೋಗಿದೆ, ಬಲಗಣ್ಣೂ ಅದೇ ದಾರಿ ಹಿಡಿದಿದೆ, ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಹಾಕಿಕೊಳ್ಳಬೇಕು.

"ಗಾಡಿ ಓಡಿಸ್ತೀರಾ?"

"ಮೂವತ್ತು ವರ್ಷದಿಂದ, ಮೇಡಂ."

"ಇನ್ನು ಬೇಡ" ಎಂದು ಚೀಟಿಯಲ್ಲೂ ಬರೆದು ಕೊಟ್ಟರು.

ಮನೆಗೆ ಬಂದು, ಕಣ್ಣು ಒಣಗಿದೆಯಂತೆ, ಅದಕ್ಕೆ ಡ್ರಾಪ್ಸು ಎಂದೆ. ಸೊಂಟನೋವು ಎಂದು ಸುಳ್ಳು ಹೇಳಿ ಲಾರಿಗೆ ಡ್ರೈವರ್ ಇಟ್ಟೆ. ರಸ್ತೆಯಲ್ಲಿ ಸ್ಟಿಯರಿಂಗ್ ಮುಟ್ಟಲಿಲ್ಲ, ಅಷ್ಟು ಬುದ್ಧಿಯನ್ನು ದೇವರು ಉಳಿಸಿದ್ದ. ಆದರೆ ಅಂಗಳದಲ್ಲಿ ನಿಂತಿದ್ದ ಕಾರನ್ನು ನೋಡಿದಾಗಲೆಲ್ಲ ಒಳಗೆ ಕೂತು ಸುಮ್ಮನೆ ಗೇರು ಬದಲಾಯಿಸಿ ಬರುತ್ತಿದ್ದೆ. ಬಿಡುವುದೇ ಆದರೆ, ಎದುರಿಗೆ ಯಾರೂ ಬರದ ಜಾಗದಲ್ಲಿ ಒಂದೇ ಒಂದು ಸಲ ಮನಸಾರೆ ಓಡಿಸಿ ಬಿಡಬೇಕು. ಒಂದೂ ಕೋನು ಬೀಳಬಾರದು. ಆಮೇಲೆ ಕೀಲಿ ಕೊಟ್ಟು, ಎಲ್ಲವನ್ನೂ ಹೆಂಡತಿಗೆ ಹೇಳಬೇಕು. ಇಷ್ಟೇ ನನ್ನ ಯೋಜನೆ.

ಅರಕಲಗೂಡು ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಮಂಜನನ್ನು ಕರೆಸಿದೆ. ನಲವತ್ತು ದಾಟಿದ ಅನುಭವಸ್ಥ. ಆದರೆ ಅವನ ಅನುಭವವೆಲ್ಲ ಸಣ್ಣ ಕಾರುಗಳದ್ದು.

"ರೇಸು ಅಂದ್ರೆ ಮೊದ್ಲು ತೂಕ ಇಳಿಸ್ಬೇಕು ಕಣಣ್ಣ" ಎಂದ.

ಸ್ಟೆಪ್ನಿ ಇಳಿಯಿತು. ಕಾಲಡಿಯ ಮ್ಯಾಟು, ಹಿಂದಿನ ಸೀಟು, ಡಿಕ್ಕಿಯಲ್ಲಿದ್ದ ಎರಡು ಗೋಣಿಚೀಲ, ಒಂದು ಮಚ್ಚು, ಎಲ್ಲ ಇಳಿದವು. ಹಿಂದಿನ ಸೀಟನ್ನು ಸಾವಿತ್ರಿ ಜಗಲಿಗೆ ಹಾಕಿಕೊಂಡಳು. ಎದುರುಮನೆಯ ನಿಂಗಮ್ಮಜ್ಜಿ ಅದರ ಮೇಲೆ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಲು ಶುರು ಮಾಡಿದಳು. ಮಂಜ ಎಲ್ಲವನ್ನೂ ಲೆಕ್ಕ ಹಾಕಿ, ನನ್ನ ಹೊಟ್ಟೆಯನ್ನು ಒಂದು ಸಲ ನೋಡಿ, "ಗಾಡೀದು ಆಯ್ತು" ಎಂದು ಅಲ್ಲಿಗೇ ನಿಲ್ಲಿಸಿದ.

ಮಾರನೆಯ ದಿನ ಮಂಡಿಯ ಅಂಗಳದಲ್ಲಿ ಮುಂದಿನ ಚಕ್ರದ ಆಕ್ಸಲ್ ಸದ್ದು ಪರೀಕ್ಷೆ. ಸಣ್ಣ ಕಾರಿಗೆ ಮಾಡುವ ಹಾಗೆಯೇ ಮಂಜ ಮುಂಭಾಗಕ್ಕೆ ಜಾಕ್ ಕೊಟ್ಟು ಎತ್ತಿದ. ಮುಂದಿನ ಎರಡು ಚಕ್ರ ಗಾಳಿಯಲ್ಲಿ, ಹಿಂದಿನ ಎರಡು ನೆಲದ ಮೇಲೆ. ತಾನು ಎಡಪಕ್ಕ ನಿಂತು ಕಿವಿಗೊಟ್ಟ.

"ಗೇರ್ ಹಾಕಿ ನಿಧಾನಕ್ಕೆ ಕ್ಲಚ್ ಬಿಡಣ್ಣ."

ಬಿಟ್ಟೆ.

ಗಾಳಿಯಲ್ಲಿದ್ದ ಚಕ್ರಗಳು ತಿರುಗಿದವು. ನೆಲದ ಮೇಲಿದ್ದವೂ ತಿರುಗಿದವು! ಕಾರು ಜಾಕನ್ನು ಒದ್ದು, ಅಂಗಳ ದಾಟಿ, ಮಾರಾಟಕ್ಕೆ ರಾಶಿ ಹಾಕಿದ್ದ ತೆಂಗಿನಕಾಯಿಯೊಳಗೆ ಕಿಟಕಿಯವರೆಗೆ ಹೋಗಿ ಕೂತಿತು. ಕಾಯಿಗಳು ಗೇಟು ದಾಟಿ ರಸ್ತೆಗೆ ಉರುಳಿದವು. ಪುಣ್ಯಕ್ಕೆ ಮುಂದೆ ಯಾರೂ ಇರಲಿಲ್ಲ.

ಮಂಜ ಓಡಿಬಂದ. "ಹಿಂದಿನ ಚಕ್ರನೂ ಎಳೀತವೆ ಅಂತ ಒಂದು ಮಾತು ಏಳಬಾರ್ದಾ ಅಣ್ಣ?"

"ಒಂದು ತಿಂಗಳಿಂದ ಊರಿಗೆಲ್ಲ ಅದನ್ನೇ ಹೇಳ್ತಾ ಇದ್ದೀನಲ್ಲೋ."

"ನೀನು ಜಂಬಕ್ಕೆ ಏಳ್ತಿದೀಯ ಅನ್ಕಂಡಿದ್ದೆ. ಓಗ್ಲಿ, ನಾನು ಪಕ್ಕದಲ್ಲೇ ನಿಂತು ಬ್ರೇಕು ಬ್ರೇಕು ಅಂತ ಎರಡೂ ಕೈ ಬೀಸ್ದೆ. ನೋಡ್ಲೇ ಇಲ್ವಲ್ಲ."

ಎರಡು ಕೈ ಬೀಸುತ್ತಿದ್ದ ಮನುಷ್ಯ ನನಗೆ ಕಂಡಿರಲಿಲ್ಲ. ಗಾಬರಿಯಾಗಿತ್ತು ಕಣೋ ಎಂದೆ. ಕಾಯಿ ಆರಿಸುವ ನೆಪದಲ್ಲಿ ತಲೆ ತಗ್ಗಿಸಿ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಸ್ಪರ್ಧೆಗೆ ಎರಡು ದಿನ ಇರುವಾಗ ಕ್ಲಬ್ಬಿನವರು ದಾರಿಯ ನಕ್ಷೆಯನ್ನು ಮೊಬೈಲಿಗೆ ಕಳಿಸಿದರು. ಕಣ್ಣು ಕೈಕೊಟ್ಟರೂ ತಲೆ ಇದೆಯಲ್ಲ, ದಾರಿಯನ್ನು ಬಾಯಿಪಾಠ ಮಾಡಿಬಿಡೋಣ ಎಂದುಕೊಂಡೆ. ಸಾವಿತ್ರಿ ನಕ್ಷೆ ನೋಡಿ, "ಇದೇನ್ರೀ, ಎಳೆ ರಂಗೋಲಿ ಇದ್ದಂಗೈತೆ" ಎಂದವಳೇ ರಂಗೋಲಿ ಡಬ್ಬಿ ತಂದು ಬಾಗಿಲ ಮುಂದೆ ಬೀದಿಯಗಲಕ್ಕೆ ಬರೆದುಬಿಟ್ಟಳು. ಒಂದು ತಿರುವೂ ತಪ್ಪಲಿಲ್ಲ. ಕೋನು ಇರುವ ಕಡೆಯಲ್ಲೆಲ್ಲ ಒಂದೊಂದು ನಿಂಬೆಹಣ್ಣು ಇಟ್ಟಳು. ನಾನು ಊಟದ ತಟ್ಟೆಯನ್ನು ಸ್ಟಿಯರಿಂಗ್ ಮಾಡಿಕೊಂಡು, ಬಾಯಲ್ಲಿ ಗೇರು ಬದಲಾಯಿಸುತ್ತ, ಹೆಜ್ಜೆ ಎಣಿಸುತ್ತ ಆ ರಂಗೋಲಿಯೊಳಗೆ ಸುತ್ತತೊಡಗಿದೆ.

ಜಗಲಿಯ ಮೇಲಿದ್ದ ನಿಂಗಮ್ಮಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಸಾವಿತ್ರಿ, ನಿನ್ನ ಗಂಡಂಗೆ ಗಾಳಿಗೀಳಿ ಸೋಕೈತೇನವ್ವಾ? ಒಂದು ತಡೆ ಒಡಿಸ್ಬುಡು."

ರಂಗೋಲಿ, ನಿಂಬೆಹಣ್ಣು, ನಡುವೆ ತಟ್ಟೆ ಹಿಡಿದು ಗೊಣಗುತ್ತ ತಿರುಗುವ ಗಂಡಸು! ನಮ್ಮ ಮನೆಯಲ್ಲಿ ಮಾಟ ನಡೆಯುತ್ತಿದೆ ಎಂದು ಬೀದಿಗೆ ಬೀದಿಯೇ ತೀರ್ಮಾನಿಸಿತು. ಮಾರನೆಯ ಬೆಳಿಗ್ಗೆ ಹಾಲಿನವನು ನಮ್ಮ ಬಾಗಿಲಿಗೆ ಬರದೆ, ಬೀದಿಯ ತುದಿಯಲ್ಲೇ ಹಾಲಿಟ್ಟು ಸೈಕಲ್ ತಿರುಗಿಸಿದ. ಇದಕ್ಕೆಲ್ಲ ನಾನೂ ನಕ್ಕೆ.

ಸಾವಿತ್ರಿ ಮಾತ್ರ ನಗಲಿಲ್ಲ. ಹಿಂದಿನ ದಿನ ನಾನು ಸುತ್ತಿ ಮುಗಿಸುವ ಹೊತ್ತಿಗೆ, ಒದ್ದ ನಿಂಬೆಹಣ್ಣುಗಳನ್ನು ಸೆರಗಿಗೆ ಹಾಕಿಕೊಂಡು ನಿಂತಿದ್ದಳು. "ಮೂರು ಸುತ್ತು ಬಂದ್ರಿ. ಒದ್ದಿದ್ದೆಲ್ಲ ಎಡಗಡೇವೆ. ಬಲಗಡೇದು ಒಂದೂ ಅಳ್ಳಾಡಿಲ್ಲ, ಯಾಕೆ?"

"ಅಭ್ಯಾಸ ಇಲ್ಲ ಕಣೇ."

"ಡ್ರಾಪ್ಸ್ ಆಕ್ಕಂಡ್ರಾ?"

"ಹೂಂ."

ಅವಳು ಒಳಗೆ ಹೋದಳು. ಒಡೆದ ಹಣ್ಣುಗಳನ್ನು ತೊಳೆದು ಉಪ್ಪಿನಕಾಯಿ ಹಾಕಿದಳು.

ಸ್ಪರ್ಧೆಯ ದಿನ ಮಂಜನೇ ಕಾರು ಓಡಿಸಿಕೊಂಡು ಬಂದ. ಸಾವಿತ್ರಿ ತಾನೂ ಬರುತ್ತೇನೆಂದು ಹಠ ಹಿಡಿದು, ಹಿಂದೆ ಸೀಟಿಲ್ಲದ ಕಡೆ ಚಾಪೆ ಹಾಸಿಕೊಂಡು ಪುಳಿಯೋಗರೆ ಡಬ್ಬಿಯೊಂದಿಗೆ ಕೂತಳು. ಮೈದಾನದಲ್ಲಿ ತಪಾಸಣೆಯವರು, ಒಳಗೆ ಬಿಡಿ ಸಾಮಾನು ಏನೂ ಇರಬಾರದು ಎಂದರು. ಚಾಪೆ, ಡಬ್ಬಿ, ನೀರಿನ ಕ್ಯಾನು, ಕುಂಕುಮದ ಭರಣಿ, ಅರ್ಧ ಡಜನ್ ಬಾಳೆಹಣ್ಣು ಹೊರಗೆ ಬಂದವು. ಇಷ್ಟಾದ ಮೇಲೆ ಸಾವಿತ್ರಿ ಚಕ್ರಕ್ಕೆ ನಿಂಬೆಹಣ್ಣು ಇಡಲು ಬಗ್ಗಿದಳು.

"ಮುಂದಿನ ಎರಡಕ್ಕೆ ಇಟ್ರೆ ಸಾಕಲ್ವಾ ಅಕ್ಕ?" ಎಂದ ಮಂಜ.

"ನಾಲ್ಕಕ್ಕೂ ಬಲ ಐತೆ ಅಂತ ನಿಮ್ಮಣ್ಣ ಏಳಿಲ್ವಾ? ನಾಲ್ಕು ಇಡಬೇಕು." ಆ ಕಾರಿನ ಮರ್ಮ ಮಂಜನಿಗಿಂತ ಅವಳಿಗೇ ಚೆನ್ನಾಗಿ ಅರ್ಥವಾಗಿತ್ತು.

ಒಬ್ಬ ಯುವಕ ಒಂದು ಫಾರಂ ಕೊಟ್ಟ. ವಾಹನ ಓಡಿಸಲು ನಾನು ದೈಹಿಕವಾಗಿ ಸಮರ್ಥನಿದ್ದೇನೆ ಎಂದು ಅದರಲ್ಲಿತ್ತು. ಸಾವಿತ್ರಿ ನನ್ನ ಪೆನ್ನನ್ನೇ ನೋಡುತ್ತಿದ್ದಳು. ಸಹಿ ಹಾಕಿದೆ. ನನ್ನ ಉಳಿದ ಪೆದ್ದುತನಗಳನ್ನು ನಗುನಗುತ್ತ ಹೇಳಬಲ್ಲೆ, ಈ ಸಹಿಯನ್ನಲ್ಲ. ಕೋನುಗಳಿಂದ ಸ್ವಲ್ಪ ದೂರದಲ್ಲಿ ಬಾವುಟ ಹಿಡಿದ ಮನುಷ್ಯರೂ ನಿಂತಿರುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಹಸಿರು ಬಾವುಟ ಬಿತ್ತು. ಟರ್ಬೊ ಎಂದರೆ ಹಾಗೆ, ಮೊದಲು ಏನೂ ಆಗುವುದಿಲ್ಲ. ಆಮೇಲೆ ಬೆನ್ನಿಗೆ ಯಾರೋ ಗುದ್ದಿದ ಹಾಗಾಗುತ್ತದೆ. ನಾಲ್ಕೂ ಚಕ್ರ ಮಣ್ಣನ್ನು ಕಚ್ಚಿಕೊಂಡು ಹೊರಟವು. ರಂಗೋಲಿ ಪೂರ್ತಿ ನನ್ನ ತಲೆಯಲ್ಲಿತ್ತು. ಇಲ್ಲಿ ಬಲಕ್ಕೆ, ಇಲ್ಲಿ ಬ್ರೇಕು, ಇಲ್ಲಿ ಎಡಕ್ಕೆ ಸುತ್ತಿ ಬಿಡು. ಕಾರು ಹೇಳಿದ ಮಾತು ಕೇಳಿತು. ಸುಮಾರು ಒಂದು ನಿಮಿಷ ನನಗೆ ರೋಗ ಇರಲಿಲ್ಲ, ವಯಸ್ಸೂ ಇರಲಿಲ್ಲ. ಅಷ್ಟು ಸಂತೋಷವಾಗಿ ನಾನು ಯಾವತ್ತೂ ಗಾಡಿ ಓಡಿಸಿಲ್ಲ. ನನ್ನ ಕಣ್ಣಿಗೆ ಒಂದೇ ಒಂದು ಕೋನೂ ಬೀಳಲಿಲ್ಲ.

ಕಾರು ನಿಲ್ಲಿಸಿ, ಇಳಿದು, ಮುಂದುಗಡೆಯಿಂದ ಬಳಸಿ ಬಂದು ಜನರಿಗೆ ಎರಡೂ ಕೈ ಎತ್ತಿದೆ. ಮೈಕಿನವನು ಸಮಯ ಹೇಳಿದ. ಚೆನ್ನಾಗಿಯೇ ಇತ್ತು. ಆಮೇಲೆ, "ಒಂಬತ್ತು ಕೋನು, ಹದಿನೆಂಟು ಸೆಕೆಂಡು ದಂಡ" ಎಂದ.

ಇದನ್ನು ನಾನು ಸಹಿಸಲಿಲ್ಲ. ಫಾರಂ ಕೊಟ್ಟಿದ್ದ ಯುವಕನ ಮುಂದೆ ನಿಂತು, ಮಾನ್ಯ ತೀರ್ಪುಗಾರರು ಪುನರ್ ಪರಿಶೀಲಿಸಬೇಕು, ಮೂವತ್ತು ವರ್ಷದ ಅನುಭವಸ್ಥನ ಮೇಲೆ ಇಂಥ ಆರೋಪ ಹೊರಿಸುವಾಗ ಸಾಕ್ಷಿ ಒದಗಿಸಬೇಕು ಎಂದು ಗಟ್ಟಿಯಾಗಿ ವಾದಿಸಿದೆ. "ಒಂದಾದ್ರೂ ಬಿದ್ದಿದ್ರೆ ತೋರ್ಸಿ, ಸಾಕು."

"ಅಂಕಲ್..." ಎಂದ ಅವನು. ಹಿಂದೆ ಯಾರೋ ನಗಲು ಹೋಗಿ ತಡೆದುಕೊಂಡರು.

ಸಾವಿತ್ರಿ ಜನರನ್ನು ದಾಟಿ ಬಂದಳು. ನನ್ನ ಗಲ್ಲ ಹಿಡಿದು, ಮಗುವಿಗೆ ಮುಖ ತೊಳೆಸುವಾಗ ಮಾಡುವ ಹಾಗೆ, ನಿಧಾನವಾಗಿ ಎಡಕ್ಕೆ ತಿರುಗಿಸಿದಳು.

ನಾನು ನಿಂತಲ್ಲಿಂದ ಒಂದು ಮೊಳ ದೂರದಲ್ಲಿ, ಕಾರಿನ ಬಂಪರಿನ ಕೆಳಗೆ, ಎಡಗಡೆ ಚಕ್ರಕ್ಕೆ ಒತ್ತಿಕೊಂಡು ಒಂದು ಕೇಸರಿ ಬಣ್ಣದ ಕೋನು ಸಿಕ್ಕಿಕೊಂಡಿತ್ತು. ದಾರಿಯುದ್ದಕ್ಕೂ ಅದನ್ನು ಎಳೆದುಕೊಂಡೇ ಬಂದಿದ್ದೆ. ವಾದ ಮಾಡುವಷ್ಟು ಹೊತ್ತೂ ಅದು ನನ್ನ ಪಕ್ಕದಲ್ಲೇ ಇತ್ತು. ಇಡೀ ಮೈದಾನಕ್ಕೆ ಕಾಣುತ್ತಿತ್ತು.

ಸಾವಿತ್ರಿ ನನ್ನನ್ನು ಆಚೆ ಕರೆದುಕೊಂಡು ಹೋದಳು. "ಡಾಕ್ಟ್ರ ಚೀಟಿ ನಂಗೂ ಓದಕ್ಕೆ ಬತ್ತದೆ" ಎಂದಳು. "ನಿಂಬೆಹಣ್ಣು ಒದ್ದ ದಿನ ನಿಮ್ಮ ಜೇಬು ನೋಡ್ದೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವೇ ಏಳ್ತೀರಾ ಅಂತ ಕಾದೆ. ಬಯಲಲ್ಲಿ ಕೋನು ತಾನೆ ಬೀಳೋದು, ಆಸೆ ತೀರಿಸ್ಕಳ್ಳಿ ಅಂದ್ಕಂಡೆ. ಆ ಬಾವುಟದೋರು ಅಲ್ಲಿ ನಿಂತಿರೋದು ನಂಗೆ ಗೊತ್ತಿರ್ಲಿಲ್ಲ ಕಣ್ರೀ. ನೀವು ಒಂದು ಸುತ್ತು ಮುಗಿಸೋಗಂಟ ನಾನು ಉಸುರೇ ಬಿಟ್ಟಿಲ್ಲ." ನನಗೆ ಅಳು ಬಂತು. ಅತ್ತೆ. ಕಣ್ಣು ಕಾಣದಿದ್ದರೂ ನೀರು ಮಾತ್ರ ಎರಡರಲ್ಲೂ ಸಮನಾಗಿ ಬಂತು. ಫಾರಂ ಕೊಟ್ಟ ಯುವಕನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಎರಡನೆಯ ಸುತ್ತಿನಿಂದ ಹೆಸರು ತೆಗೆಸಿದೆ. ಕೀಲಿಯನ್ನು ಸಾವಿತ್ರಿಯ ಕೈಗೆ ಕೊಟ್ಟೆ, ಅವಳು ಮಂಜನಿಗೆ ಕೊಟ್ಟಳು.

ವಾಪಸು ಹೊರಟಾಗ ಮಂಜ ಸ್ಟಿಯರಿಂಗಿಗೆ ಕೂತ, ನಾನು ಅವನ ಎಡಪಕ್ಕದ ಸೀಟಿನಲ್ಲಿ, ಸಾವಿತ್ರಿ ಹಿಂದೆ ಚಾಪೆಯ ಮೇಲೆ. ಮೈದಾನದ ಮಣ್ಣುದಾರಿ ಮುಗಿದು ದೊಡ್ಡ ರಸ್ತೆಗೆ ಸೇರುವ ಕಡೆ ಮಂಜ ಬಲಗಡೆ ನೋಡಿಕೊಂಡು ನಿಧಾನ ಮಾಡಿದ. ಎಡಪಕ್ಕ ಕೂತವನು ಆ ಕಡೆ ನೋಡಿ ಹೇಳುವುದು ನಮ್ಮಲ್ಲಿ ಪದ್ಧತಿ. ನಾನು ಕೊರಳು ಚಾಚಿ ನೋಡಿದೆ. ಓಡಿಸಲು ಆಗದಿದ್ದರೇನು, ಇಷ್ಟಾದರೂ ಉಪಯೋಗಕ್ಕೆ ಬರುತ್ತೇನಲ್ಲ ಅನ್ನಿಸಿತು.

"ಲೆಫ್ಟ್ ಕ್ಲಿಯರ್, ನಡಿ" ಎಂದೆ.

ಮಂಜ ಬ್ರೇಕಿನಿಂದ ಕಾಲು ತೆಗೆದ. ಹಿಂದಿನಿಂದ ಸಾವಿತ್ರಿ ನನ್ನ ಎಡಭುಜದ ಮೇಲೆ ಕೈಯೂರಿ, ನನ್ನ ಕಿವಿಯ ಪಕ್ಕದಿಂದ ಮುಖ ಮುಂದೆ ಮಾಡಿ ಹೊರಗೆ ನೋಡಿದಳು.

"ತಡಿಯೋ ಮಂಜ. ಬಸ್ಸು ಬತ್ತಾ ಐತೆ."

ಕಾರು ನಿಂತಿತು. ಬಸ್ಸು ಹಾರನ್ ಮಾಡುತ್ತ ನಮ್ಮ ಮೂತಿಯ ಮುಂದೆಯೇ ಹಾದು ಹೋಯಿತು. ತುಂಬಿದ ಬಸ್ಸು, ಮೇಲೆ ಕೆಳಗೆ ಕೆಂಪು ಬಣ್ಣ. ಸಾವಿತ್ರಿ ಭುಜದ ಮೇಲಿನ ಕೈಯನ್ನು ಹಾಗೇ ಇಟ್ಟುಕೊಂಡು, ಇನ್ನೊಂದು ಸಲ ನೋಡಿ, "ಈಗ ನಡಿ" ಎಂದಳು.