ಹಚಾ ಅಂದರೆ ಬರುವ ನಾಯಿ

ಯಾರಾದರೂ ಹೊಗಳಲು ಶುರು ಮಾಡಿದರೆ ಮಾತು ಮುಗಿಯುವ ತನಕ ಹಿಗ್ಗಬಾರದು ಎಂಬುದನ್ನು ನನಗೆ ಕಲಿಸಿದ್ದು ನನ್ನ ಚಷ್ಮಾ ಅಂಗಡಿ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ, ಬಳೆ ಅಂಗಡಿಗೂ ಹೊಲಿಗೆ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ಗಿರಾಕಿಗಳು ಬರುತ್ತಾರೆ, ಫ್ರೇಮನ್ನು ಮೂಗಿನ ಮೇಲೆ ಏರಿಸುತ್ತಾರೆ, ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡು "ಛಲೋ ಐತ್ರಿ" ಎನ್ನುತ್ತಾರೆ. ನಾನು ಖುಷಿಯಿಂದ ಡಬ್ಬಿಗೆ ಕೈ ಹಾಕುತ್ತೇನೆ. ಅಷ್ಟರಲ್ಲಿ "ಆದ್ರ..." ಎಂದು ಬರುತ್ತದೆ. ಆ "ಆದ್ರ"ದ ಮುಂದೆ ಏನು ಬೇಕಾದರೂ ಇರಬಹುದು. ಬಣ್ಣ ಇರಬಹುದು, ಕಿವಿ ಇರಬಹುದು, ಮನೆಯವರು ಏನಂದಾರು ಎಂಬ ಚಿಂತೆ ಇರಬಹುದು. ಸುಳ್ಳ ಎಂಬ ಹಳ್ಳಿಯ ರೈತ ಬಸಣ್ಣ ನನ್ನ ಹಳೆಯ ಗಿರಾಕಿ. ಆತ ಒಮ್ಮೆ ಹದಿನಾಲ್ಕು ಫ್ರೇಮಿಗೂ ಛಲೋ ಐತ್ರಿ ಹೇಳಿ, ಹದಿನಾಲ್ಕಕ್ಕೂ ಆದ್ರ ಹೇಳಿ, ಕೊನೆಗೆ ಕಿವಿಯ ಹತ್ತಿರ ದಾರ ಸುತ್ತಿದ್ದ ತನ್ನ ಹಳೇ ಫ್ರೇಮಿಗೇ ಹೊಸ ಗಾಜು ಹಾಕಿಸಿಕೊಂಡು ಹೋದ. ಅವತ್ತು ಮನೆಗೆ ಬಂದು ಊಟಕ್ಕೆ ಕೂತವನು ಎರಡು ರೊಟ್ಟಿ ಮುಗಿಯುವ ತನಕ ಈ ಬಸಣ್ಣನನ್ನೇ ಬೈದೆ. ನನ್ನ ಹೆಂಡತಿ ಗಿರಿಜಾ ಧಾರವಾಡದವಳು, ಬೈಗುಳದಲ್ಲೂ "ರೀ" ಬಿಡುವವಳಲ್ಲ. "ನಾಯಿ ವಿಷಯದಾಗ ನೀವೂ ಹಂಗ ಅಲ್ಲೇನ್ರಿ?" ಎಂದಳು.

ಆ ಮಾತು ಖರೇ ಇತ್ತು. ನಾಯಿ ಸಾಕಬೇಕು ಎಂಬುದು ನನ್ನ ಮದುವೆಗಿಂತ ಹಳೆಯ ಆಸೆ. ನಾಯಿಗಳ ಬಣ್ಣದ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ ದಪ್ಪ ವಹಿಯೊಂದು ನನ್ನಲ್ಲಿದೆ. ಯಾವ ಜಾತಿಯ ನಾಯಿ ಎಷ್ಟು ಎತ್ತರ, ಯಾವುದಕ್ಕೆ ಕಿವಿ ನೆಟ್ಟಗೆ, ಯಾವುದರ ತಾತ ಯಾವ ದೇಶದವನು ಎಂದು ಕೇಳಿದರೆ ಥಟ್ಟನೆ ಹೇಳುತ್ತೇನೆ. ಆದರೆ ತರುವ ಮಾತು ಬಂದಾಗ ಮಾತ್ರ ನನ್ನೊಳಗಿನ ಬಸಣ್ಣ ಎದ್ದು ಕೂರುತ್ತಾನೆ. ಗ್ರೇಟ್ ಡೇನ್ ನೋಡಿ, ಏನು ಗಾಂಭೀರ್ಯ ಅದರದ್ದು. ಚಿತ್ರ ತೋರಿಸಿದಾಗ ಗಿರಿಜಾ, "ಇಷ್ಟ ದೊಡ್ಡದ ಕಟ್ಟೂದಾದ್ರ ಆಕಳಾನ ಕಟ್ಟೂಣಲ್ರಿ, ಹಾಲರ ಕೊಡತೈತಿ" ಎಂದಳು. ಹಸ್ಕಿಯ ನೀಲಿ ಕಣ್ಣಿಗೆ ನಾನು ಮರುಳಾಗಿದ್ದುಂಟು. ವಿದ್ಯಾನಗರದ ಗಿರಾಕಿಯೊಬ್ಬರು ಅದನ್ನು ತಂದು, ಅದಕ್ಕೆ ಸೆಖೆ ತಡೆಯದೆಂದು ಒಂದು ಕೋಣೆಗೆ ಏಸಿ ಹಾಕಿಸಿದ್ದರು. ಏಪ್ರಿಲ್ ತಿಂಗಳಲ್ಲಿ ನಾನು ಹೋದಾಗ ಮನೆಮಂದಿಯೆಲ್ಲ ಆ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡಿದ್ದರು. ಜಾಗ ಸಾಲದೆ ನಾಯಿ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಮಲಗಿತ್ತು. ಲ್ಯಾಬ್ರಡಾರ್ ಬಲು ಪ್ರೀತಿಯ ನಾಯಿ. ಆದರೆ ನನ್ನ ಅಂಗಡಿಗೆ ಬಂದ ಒಂದು ಲ್ಯಾಬ್ರಡಾರ್ ಎರಡು ಚಷ್ಮಾ ಡಬ್ಬಿ ತಿಂದು ಮೂರನೆಯದಕ್ಕಾಗಿ ನನ್ನ ಮುಖ ನೋಡಿತು. ಇನ್ನು ಪಗ್ಗಿನ ಮುಖ ಥೇಟ್ ನಮ್ಮ ದೊಡ್ಡಪ್ಪನದು. ಊಟಕ್ಕೆ ತಡವಾದಾಗ ಅವರು ಹಾಗೇ ಹಣೆ ಸುಕ್ಕು ಮಾಡಿಕೊಂಡು ಕೂರುತ್ತಿದ್ದರು. ಅಂಥ ಮುಖಕ್ಕೆ "ಕೂಡು", "ಏಳು" ಎಂದು ಏಕವಚನದಲ್ಲಿ ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಡಾಬರ್‌ಮನ್ ವಿಷಯ ಬೇರೆ. ಅದರ ನಿಲುವು ನೋಡಿದರೆ, ಈ ಮನೆಯ ಮಾಲೀಕ ನಾನೇ ಎಂದು ರುಜುವಾತು ಮಾಡಲು ಕಾಗದಪತ್ರ ಹಿಡಿದುಕೊಂಡೇ ಒಳಗೆ ಬರಬೇಕು ಅನಿಸುತ್ತದೆ. ಎಲ್ಲಕ್ಕಿಂತ ನನ್ನ ಎದೆಗೆ ಹತ್ತಿರವಾದದ್ದು ನಮ್ಮ ಸೀಮೆಯದೇ ಆದ ಮುಧೋಳ ನಾಯಿ. ಬಳುಕುವ ಸೊಂಟ, ಉದ್ದ ಮೂತಿ, ಓಟಕ್ಕೆ ನಿಂತರೆ ಕಣ್ಣಿಗೆ ಕಾಣುವುದು ಧೂಳು ಮಾತ್ರ. ಆದರೆ ಅದು ನಮ್ಮ ಗೇಟು ದಾಟಿ ಓಡಿದರೆ ನವಲಗುಂದದಲ್ಲಿ ನಿಂತೀತು, ಹಿಂದೆ ಓಡಿದ ನಾನು ಗೇಟಿನಲ್ಲೇ ಮೊಣಕಾಲು ಹಿಡಿದುಕೊಂಡು ನಿಂತಿರುತ್ತೇನೆ. ಹೀಗೆ ಒಂದೊಂದಕ್ಕೂ ಒಂದೊಂದು ಆದ್ರ. ಈಗ ನಿಮ್ಮೆದುರು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನಗೆ ನಾಯಿ ಎಂದರೆ ಹೆದರಿಕೆ. ಮೂರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ಕರೀ ನಾಯಿಯೊಂದು ಬೆನ್ನಟ್ಟಿ ನನ್ನ ಚಡ್ಡಿಯ ಹಿಂಭಾಗವನ್ನು ಕಿತ್ತುಕೊಂಡು ಹೋಗಿತ್ತು. ನಾನು ಪಾಟಿಯನ್ನು ಹಿಂದೆ ಅಡ್ಡ ಹಿಡಿದುಕೊಂಡು ಸಾಲಿಯಿಂದ ಮನೆ ತನಕ ನಡೆದುಬಂದೆ. ಅವತ್ತಿನಿಂದ ಐವತ್ತನಾಲ್ಕರ ಈ ವಯಸ್ಸಿನವರೆಗೆ ಒಂದೇ ಒಂದು ನಾಯಿಯನ್ನೂ ಮುಟ್ಟಿರಲಿಲ್ಲ. ವಹಿಯಲ್ಲಿರುವ ನಾಯಿಗಳನ್ನು ಎಷ್ಟು ಸವರಿದರೂ ಅವು ಚಡ್ಡಿಗೆ ಬಾಯಿ ಹಾಕುವುದಿಲ್ಲ.

ಮೂರು ವರ್ಷದ ಹಿಂದೆ ಬೈರಿದೇವರಕೊಪ್ಪದ ಹೊಸ ಲೇಔಟಿಗೆ ಮನೆ ಮಾಡಿ ಬಂದೆವು. ನಮ್ಮ ಸುತ್ತ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಂದ ಹೊಸದರಲ್ಲೇ ಒಂದು ದಿನ ಯಾವುದೋ ಸೈಟಿನ ಜಾಲಿ ಗಿಡದ ಬುಡದಿಂದ ಕಂದು ಬಣ್ಣದ ಒಂದು ಮರಿ ಎದ್ದು ಬಂತು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ, ಬಾಲಕ್ಕೆ ಒಂದು ಸೊಟ್ಟ. ನನ್ನ ವಹಿಯ ಯಾವ ಪುಟಕ್ಕೂ ಸೇರದ ನಾಯಿ. ನಾಯಿಯನ್ನು ಓಡಿಸುವುದಕ್ಕೆ ನಮ್ಮ ಕಡೆ ಇರುವುದು ಒಂದೇ ಶಬ್ದ: ಹಚಾ. ಮರಿ ಯಾರ ಗೇಟಿಗೆ ಹೋದರೂ ಅವರು "ಹಚಾ" ಎಂದರು. ನಾನು ಕಿಟಕಿಯ ಒಳಗಿನಿಂದಲೇ "ಹಚಾ" ಎಂದೆ. ಗಿರಿಜಾ ಮೊದಲನೆಯ ದಿನ ಅರ್ಧ ರೊಟ್ಟಿಯನ್ನು ದೂರ ಬೀಸಿ ಒಗೆದು, "ಹಚಾ, ಅಲ್ಲೇ ತಿನ್ನ ಹೋಗು" ಎಂದಳು. ಎರಡನೆಯ ದಿನವೂ ಹಾಗೇ ಮಾಡಿದಳು. ದಿನಕ್ಕೆ ಹತ್ತು ಸಲ ಹತ್ತು ಬಾಯಿಂದ ಅದೇ ಶಬ್ದ ಕೇಳಿದ ಆ ಜೀವ, ಇದು ನನ್ನ ಹೆಸರು ಎಂದು ತಿಳಿದುಕೊಂಡಿತು. ಈ ಹೆಸರಿನ ಹಿಂದೆಯೇ ರೊಟ್ಟಿಯೂ ಬರುತ್ತದೆ ಎಂದೂ ಲೆಕ್ಕ ಹಾಕಿತು. ಹದಿನೈದು ದಿನದಲ್ಲಿ ಪರಿಸ್ಥಿತಿ ಎಲ್ಲಿಗೆ ಬಂತೆಂದರೆ, ಹಚಾ ಎಂದರೆ ಸೊಟ್ಟ ಬಾಲ ಅಲ್ಲಾಡಿಸುತ್ತ ಓಡಿ ಬರುತ್ತಿತ್ತು. ಜೋರಾಗಿ ಹಚಾ ಎಂದರೆ ಜೋರಾಗಿ ಓಡಿ ಬರುತ್ತಿತ್ತು. ನಾನು ಕಂಪೌಂಡಿನ ಒಳಗೆ, ಅದು ಹೊರಗೆ, ನಡುವೆ ಗೇಟು. ಅಂಗಡಿಯಿಂದ ಬರುವಾಗ ಅದು ಗೇಟಿನ ಹತ್ತಿರ ಇದ್ದರೆ ನಾನು ಸ್ಕೂಟರಿನ ಮೇಲಿಂದಲೇ ಫೋನ್ ಮಾಡುತ್ತಿದ್ದೆ. ಗಿರಿಜಾ ಹಿತ್ತಲ ಬಾಗಿಲಿಗೆ ಹೋಗಿ ಹಚಾ ಎಂದು ಕರೆದು ಅದನ್ನು ಆ ಕಡೆ ಎಳೆದುಕೊಂಡ ಮೇಲೆ ನನ್ನ ಗೃಹಪ್ರವೇಶ.

ಹೀಗೇ ಮೂರು ವರ್ಷ ಆಗುತ್ತ ಬಂದಾಗ ಪಕ್ಕದ ಸೈಟಿನವರ ನೀರಿನ ಮೋಟಾರು ಕಳುವಾಯಿತು. ಗಿರಿಜಾ ಅವತ್ತೇ ಕೊನೆಯ ಮಾತು ಹೇಳಿಬಿಟ್ಟಳು. "ಈ ತಿಂಗಳದಾಗ ಒಂದ ಛಲೋ ನಾಯಿ ತರ್ರಿ. ಈ ಸಲಾನೂ ಆದ್ರ ಅಂದ್ರಿ ಅಂದ್ರ ಆ ವಹಿ ಹಳೀ ಪೇಪರಿನ್ಯಾಂವಗ ಹಾಕ್ತೇನಿ. ಈ ಮನ್ಯಾಗ ಮತ್ತ ನಾಯಿ ಮಾತ ತಗೀಬ್ಯಾಡ್ರಿ." ನನ್ನ ಮೂವತ್ತು ವರ್ಷದ ಆಸೆ ರದ್ದಿ ಪೇಪರಿನ ಜೊತೆ ಹೋಗುವ ಹಾಗಿತ್ತು. ಬಸಣ್ಣ ತನ್ನ ಹೊಲದ ಮನೆಯಲ್ಲಿ ಮುಧೋಳ ನಾಯಿ ಸಾಕಿದ್ದು ನೆನಪಾಗಿ ಫೋನ್ ಮಾಡಿದೆ. "ಮರಿ ಅದಾವ್ರಿ ಅಣ್ಣಾರ, ಒಂದ ತಂದಕೊಡತೇನಿ" ಎಂದ. ನಮ್ಮ ಮನೆಯಲ್ಲಿ ಮಾಂಸ ಹಾಗಿರಲಿ, ತತ್ತಿಯೂ ಬರುವುದಿಲ್ಲ ಎಂದಾಗ "ಹಾಲು ರೊಟ್ಟಿ ಹಾಕ್ರಿ, ಅದೇನ ಜಗಳ ತಗ್ಯಂಗಿಲ್ಲ" ಎಂದ. ಬಾಗಿಲಲ್ಲಿ ಒಂದು ಬೀದಿ ನಾಯಿ ಇದೆಯಲ್ಲ ಎಂದು ಕೇಳಿದೆ. ಅದಕ್ಕೂ ಉತ್ತರ ಇತ್ತು. "ದೊಡ್ಡದು ಸಣ್ಣದಕ್ಕ ಕಡೀತೈತ್ರಿ. ಅದನ್ನ ನನಗ ಕೊಡ್ರಿ, ಉಳ್ಳಾಗಡ್ಡಿ ಹೊಲಕ್ಕ ಹಂದಿ ಕಾಟ ಭಾಳ ಐತಿ. ಅಲ್ಲಿ ಇರತೈತಿ ಅರಾಮ." ಎರಡು ಸಮಸ್ಯೆ ಒಂದೇ ಫೋನಿನಲ್ಲಿ ಬಗೆಹರಿಯಿತು. ನಾನು ಒಯ್ಯಿರಿ ಎಂದೆ. ಗಿರಿಜಾಗೆ ಹೇಳಿದಾಗ ಅವಳು "ಹೌದೇನ್ರಿ" ಎಂದಳು. ಮರುದಿನ ಮುಂಜಾನೆ ಹಚಾಗೆ ಎರಡು ರೊಟ್ಟಿ ಬಿದ್ದದ್ದನ್ನು ನಾನು ಗಮನಿಸಬೇಕಿತ್ತು.

ಭಾನುವಾರ ಬೆಳಿಗ್ಗೆ ಬಸಣ್ಣ ಮೂರು ಗಾಲಿಯ ಟಂಟಂ ತೆಗೆದುಕೊಂಡು ಬಂದ. ಹಿಂದೆ ಗೋಣಿಚೀಲದ ಮೇಲೆ ಮುಧೋಳ ಮರಿ ಮಲಗಿತ್ತು. ಸುಳ್ಳು ಯಾಕೆ ಹೇಳಲಿ, ಅಂಥ ಚೆಂದದ ಮರಿಯನ್ನು ನನ್ನ ವಹಿಯಲ್ಲೂ ನೋಡಿರಲಿಲ್ಲ. ಬೆಣ್ಣೆ ಬಣ್ಣ, ಕಡ್ಡಿಯಂಥ ಕಾಲು. ನಾನು ಒಂದು ಮಾರು ದೂರ ನಿಂತು ಕಣ್ತುಂಬ ನೋಡಿದೆ. ಬಸಣ್ಣ ಕೈಯಲ್ಲಿ ಹಗ್ಗ ಹಿಡಿದು, "ಎಲ್ಲೈತ್ರಿ ನಿಮ್ಮ ಹಳೀ ನಾಯಿ? ಕರೀರಿ, ಬಿಸಿಲ ಏರೂದ್ರಾಗ ಹೋಗತೇನಿ" ಎಂದ. ಹಚಾ ಎದುರಿನ ಖಾಲಿ ಸೈಟಿನಲ್ಲಿ ಜಾಲಿ ಗಿಡದ ಕೆಳಗೆ ಮಲಗಿತ್ತು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ನಾನು ಅದನ್ನು ನೋಡಿದೆ, ಬಸಣ್ಣನ ಕೈಯಲ್ಲಿದ್ದ ಹಗ್ಗ ನೋಡಿದೆ. ಈ ನಾಯಿ ಈಗ ಎದ್ದು ಎತ್ತಲಾದರೂ ಓಡಿ ಹೋಗಲಿ, ಸಿಗದೇ ಹೋಗಲಿ ಎಂದು ಮನಸ್ಸು ಒಂದೇ ಸಮನೆ ಹೇಳತೊಡಗಿತು. ಸಿಗಲಿಲ್ಲ ಎಂದರೆ ಬಸಣ್ಣ ತಾನೇ ಏನು ಮಾಡಿಯಾನು? ಹಿಂದುಮುಂದು ಯೋಚಿಸದೆ ನಾನು ಅದನ್ನು ಓಡಿಸಲು ಎರಡೂ ಕೈ ಎತ್ತಿ, ಎದೆ ಬಿರಿಯುವಂತೆ ಕೂಗಿದೆ. ಓಡಿಸಲು ನನಗೆ ಗೊತ್ತಿದ್ದ ಶಬ್ದ ಒಂದೇ ತಾನೆ? "ಹಚಾ! ಹಚಾ!" ಎಂದೆ.

ಮುಧೋಳ ನಾಯಿಯೂ ನಾಚುವ ಹಾಗೆ ಓಡಿ ಬಂತು. ನಾನು ಗಾಬರಿಯಲ್ಲಿ ಇನ್ನೂ ಜೋರಾಗಿ ಹಚಾ ಎಂದೆ, ಅದು ಇನ್ನೂ ಜೋರಾಗಿ ಬಂತು. ಕಲ್ಲು ಎತ್ತಿಕೊಳ್ಳಲು ಬಗ್ಗಿದೆ. ಮನುಷ್ಯ ನೆಲಕ್ಕೆ ಬಗ್ಗಿದರೆ ಲೋಕದ ನಾಯಿಗಳೆಲ್ಲ ಓಟ ಕೀಳುತ್ತವೆ. ಇದು ಮಾತ್ರ ನಾನು ಬಿದ್ದ ರೊಟ್ಟಿ ಹುಡುಕುತ್ತಿದ್ದೇನೆ ಎಂದುಕೊಂಡು, ತಾನೂ ನನ್ನ ಜೊತೆ ನೆಲ ಮೂಸಿ ಹುಡುಕಲು ಶುರು ಮಾಡಿತು. ಏನೂ ಸಿಗದಿದ್ದಾಗ ಬೇಜಾರು ಮಾಡಿಕೊಳ್ಳಬ್ಯಾಡ್ರಿ ಎನ್ನುವ ಹಾಗೆ ನನ್ನ ಕೈ ನೆಕ್ಕಿ, ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತು. ಬೆಚ್ಚಗೆ ಒದ್ದೆಯಾಗಿತ್ತು ಅದರ ನಾಲಿಗೆ. ನನ್ನ ಕೈ ಅಲ್ಲೇ ಇತ್ತು, ತೆಗೆಯಲಿಲ್ಲ. ಆ ಮೇಲಿನ ಕಿವಿಯನ್ನು ಒಮ್ಮೆ ಮುಟ್ಟಿದೆ. ಮೂರು ವರ್ಷ ಓಡಿಸುವ ಮಾತನ್ನೇ ಕರೆಯುವ ಮಾತು ಎಂದು ನಂಬಿಕೊಂಡು ಬಂದ ಜೀವವನ್ನು ಹಗ್ಗ ಹಾಕಿ ಕಳಿಸುವುದು ಹೇಗೆ?

ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ಇತ್ತು. ನಾನು ನೆಲದಿಂದ ಏಳದೆಯೇ, "ಬಸಣ್ಣಾ, ಮರಿ ಛಲೋ ಐತಿ..." ಎಂದು ಅಲ್ಲಿಗೇ ತಡೆದೆ. ಮುಂದಿನ ಶಬ್ದ ಹೇಳಿದರೆ ವಹಿ ಹೋಗುತ್ತದೆ ಎಂಬುದು ನೆನಪಿತ್ತು. ನಾನು ಗಿರಿಜಾಳ ಮುಖ ನೋಡಿದೆ.

"ಆದ್ರ," ಎಂದಳು ಗಿರಿಜಾ. "ಆದ್ರ ಬಸಣ್ಣಾರ, ಈ ನಾಯಿ ಹೋದ್ರ ದಿನಾ ಮುಂಜಾನೆ ಮೊದಲನೇ ರೊಟ್ಟಿ ನಾ ಯಾರಿಗೆ ಹಾಕ್ಲಿ? ಸಿಟ್ಟ ಆಗಬ್ಯಾಡ್ರಿ."

ಬಸಣ್ಣ ಹಗ್ಗ ಸುತ್ತಿ ಟಂಟಂನಲ್ಲಿ ಒಗೆದ. ಮೂಗಿನ ಮೇಲಿನ ಚಷ್ಮಾ ಸರಿ ಮಾಡಿಕೊಂಡ. ಅದೇ ದಾರ ಸುತ್ತಿದ ಹಳೇ ಫ್ರೇಮು. "ಸಿಟ್ಟ ಯಾಕ್ರಿ ಅಕ್ಕಾರ? ಅಣ್ಣಾರ ಅಂಗಡ್ಯಾಗ ನಾ ಹದಿನಾಲ್ಕ ನೋಡಿ ಹಳೇದ್ನ ಹಾಕ್ಕೊಂಡ ಬಂದೇನಿ. ಅವತ್ತ ಅವ್ರು ನನಗ ಒಂದ ಮಾತ ಅಂದಿಲ್ಲ" ಎಂದ. ಎರಡು ರೊಟ್ಟಿ ಮುಗಿಯುವ ತನಕ ಬೈದದ್ದನ್ನು ಕೇಳಿದ್ದ ಗಿರಿಜಾ ನನ್ನ ಕಡೆ ನೋಡಿದಳು. ನಾನು ಹಚಾನ ಕಿವಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ. ಬಸಣ್ಣ ಚಹಾ ಕುಡಿದು, ಮರಿಯನ್ನು ಗೋಣಿಚೀಲದ ಮೇಲೆ ಮತ್ತೆ ಮಲಗಿಸಿಕೊಂಡು ಸುಳ್ಳಕ್ಕೆ ಹೊರಟ.

ಈಗ ಗೇಟು ತೆರೆದೇ ಇರುತ್ತದೆ. ವಹಿ ಕಪಾಟಿನಲ್ಲಿದೆ, ಅದರ ಕೊನೆಯ ಪುಟದಲ್ಲಿ ಹಚಾನ ಫೋಟೋ ಅಂಟಿಸಿದ್ದೇನೆ. ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಹೆಸರು ಕೇಳಿದರು. ಹಚಾ ಎಂದೆ. ಅವರು ತಮ್ಮ ಹಿಂದೆ ಯಾವ ನಾಯಿ ಬಂತೆಂದು ತಿರುಗಿ ನೋಡಿದರು. ಮರ್ಯಾದೆಯ ಹೆಸರು ಇರಲೆಂದು ರಾಜಾ ಎಂದು ಕರೆದು ನೋಡಿದ್ದೂ ಆಯಿತು, ಅದು ಯಾರನ್ನೋ ಕರೆಯುತ್ತಿದ್ದಾರೆ ಎಂಬ ಹಾಗೆ ಸುಮ್ಮನೆ ಕೂತಿತ್ತು. ಬೇರೆ ನಾಯಿ ಕಂಪೌಂಡಿಗೆ ನುಗ್ಗಿದರೆ ಓಡಿಸಲು ನಮ್ಮ ಹತ್ತಿರ ಈಗ ಶಬ್ದವೇ ಇಲ್ಲ. ಮನೆಗೆ ಬಂದವರು ನೋಡಿ "ಛಲೋ ಐತ್ರಿ ನಾಯಿ, ಆದ್ರ ಬಾಲ..." ಎಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಅಂಥವರಿಗೆ ಎರಡನೆಯ ಸಲ ಚಹಾ ಬೇಕೇನು ಎಂದು ಕೇಳುವುದಿಲ್ಲ.

ಒಂದು ಸಂಗತಿ ಮಾತ್ರ ನಾನು ಮೊದಲೇ ಯೋಚಿಸಿರಲಿಲ್ಲ. ಹಂಚಿನಿಂದ ಇಳಿಯುವ ಮೊದಲನೆಯ ರೊಟ್ಟಿ ಹಚಾನದು, ಎರಡನೆಯದು ನನ್ನದು. ಹಾಗಾಗಿ ಬೆಳಿಗ್ಗೆ ಅಡುಗೆಮನೆಯಿಂದ ಹಚಾ ಎಂಬ ಕೂಗು ಬಂದರೆ ನನ್ನ ಹೊಟ್ಟೆಯೂ ಎಚ್ಚರಾಗುತ್ತದೆ. ಮೊನ್ನೆ ಪೇಪರ್ ಓದುತ್ತ ಕೂತಿದ್ದೆ. ಕೂಗು ಬಂತು. ಹಚಾ ಬಿಸಿಲಿನಲ್ಲಿ ಮಲಗಿದ್ದು ಏಳಲೇ ಇಲ್ಲ. ನಾನು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಗಿರಿಜಾ ತಿರುಗಿ ಮೇಲಿಂದ ಕೆಳಗೆ ನೋಡಿದಳು. "ನಿಮ್ಮನ್ನ ಕರದಿಲ್ರಿ" ಎಂದಳು. ಆಮೇಲೆ ರೊಟ್ಟಿ ಮುರಿದು ಅರ್ಧ ಕೊಟ್ಟಳು.