ಕಾಗೆಗಣತಿ

ಹಲಸಿನ ಹಪ್ಪಳಕ್ಕೂ ಗಣಿತಕ್ಕೂ ಸಂಬಂಧವೇ ಇಲ್ಲ ಎಂದು ನಂಬಿದವರಲ್ಲಿ ನನ್ನ ಹೆಂಡತಿ ವಾಗ್ದೇವಿ ಮೊದಲಿಗಳು. ಎಂಬತ್ತೊಂದರ ಬೇಸಗೆ ರಜೆಯಲ್ಲಿ ಆ ನಂಬಿಕೆಯನ್ನು ಅಲುಗಾಡಿಸಲು ಹೊರಟೆ. (ಕೊನೆಗೆ ಅಲುಗಾಡಿದ್ದು ಯಾವುದೆಂದು ನೀವೇ ನೋಡಿ.)

ಸಿದ್ಧಕಟ್ಟೆಯಲ್ಲಿ ವಿಜ್ಞಾನದ ಮಾಸ್ಟ್ರಾದ ನಾನು ಆ ವರ್ಷ ಜನಗಣತಿಗೆಂದು ಮನೆ ಮನೆ ಹತ್ತಿಳಿದು ಬಂದಿದ್ದೆ. ಎಣಿಸುವ ಹುಚ್ಚು ಇನ್ನೂ ಇಳಿದಿರಲಿಲ್ಲ. ಅಂಗಳದ ಚಾಪೆಯ ತುಂಬ ಹಪ್ಪಳ ಒಣಗುತ್ತಿತ್ತು. ಕಾಗೆ ಓಡಿಸಲು ಕೂರಿಸಿದ್ದ ಆರು ವರ್ಷದ ಮಗಳು ಸುಂದರಿ, ನಾಲ್ಕರ ಮಗ ಕೃಷ್ಣ ಕೋಲು ಹಿಡಿದುಕೊಂಡೇ ನಿದ್ದೆ ಹೋಗಿದ್ದರು.

"ಆದಿತ್ಯವಾರ ಅಪ್ಪಯ್ಯ ವೇಣೂರಿನಿಂದ ಬರ್ತಾರೆ. ಅಮ್ಮನಿಗೆ ಒಂದು ದೊಡ್ಡ ಕಟ್ಟು ಹಪ್ಪಳ ಕಳಿಸ್ತೇನೆ ಅಂತ ಹೇಳಿ ಆಗಿದೆ," ಎಂದಳು ವಾಗ್ದೇವಿ. "ಕಾಗೆ ತಿಂದು ಉಳಿದದ್ದು ಕಳಿಸ್ಲಿಕ್ಕೆ ಆಗ್ತದಾ? ಈ ಮಕ್ಕಳನ್ನು ಎಚ್ಚರ ಇಡಿ, ನೋಡುವ."

ತಲೆಯಲ್ಲಿ ಮಿಂಚು ಹೊಳೆಯಿತು! ಕಾಗೆ ಬಂದು ಕೂತಾಗಲೆಲ್ಲ ತೆಂಗಿನ ಗೆರಟೆಗೆ ಚೆನ್ನೆಮಣೆ ಆಟದ ಒಂದು ಕೆಂಪು ಕಾಳು. ಹತ್ತು ಕಾಳಾದರೆ ಅವುಗಳ ಬದಲಿಗೆ ಒಂದು ಹುಣಸೆ ಬೀಜ, ಮೇಲೆ ಮಕ್ಕಳಿಗೊಂದು ಪೆಪ್ಪರಮಿಂಟು. ದಶಮಾನ ಪದ್ಧತಿಯೇ ನಮ್ಮ ಅಂಗಳಕ್ಕೆ ಇಳಿದು ಬಂದಂತೆ!

"ಒಂದೇ ಕಾಗೆ ಎರಡು ಸಲ ಬಂದರೆ?" ಎಂದಳು ಸುಂದರಿ.

"ಎರಡು ಕಾಳು. ಕಾಗೆಗೆ ಮನೆ ನಂಬರ್ ಇಲ್ಲವಲ್ಲ."

"ಎಣಿಸುವುದಲ್ಲ ಮಾರಾಯ್ರೇ, ಓಡಿಸುವುದು!" ಎಂದಳು ವಾಗ್ದೇವಿ.

"ಎಣಿಸಬೇಕಾದರೆ ನೋಡಬೇಕು, ನೋಡಬೇಕಾದರೆ ಎಚ್ಚರ ಇರಬೇಕು. ಎಚ್ಚರ ಇದ್ದವರು ಓಡಿಸದೆ ಇರ್ತಾರಾ?"

ನನ್ನ ತರ್ಕದಲ್ಲಿ ಸೂಜಿ ತೂರುವಷ್ಟೂ ಸಂದಿರಲಿಲ್ಲ.

ಮೊದಲ ದಿನ ಬಂದದ್ದು ಮೂರೇ ಕಾಗೆ. ಪೆಪ್ಪರಮಿಂಟು ಸಿಗದೆ ಕೃಷ್ಣ ಅತ್ತ. ಮರುದಿನ ಎರಡು ಹುಣಸೆ ಬೀಜ. ಅದರ ಮರುದಿನ ಮಧ್ಯಾಹ್ನದೊಳಗೆ ಆರು! ಜಗಲಿಯ ಗೋಡೆಯಲ್ಲಿ ಮಸಿಯಿಂದ ನಕ್ಷೆ ಬರೆದೆ; ಗೆರೆ ಮಾಡಿನ ಹಂಚಿನತ್ತ ಏರಿತು. ಮಕ್ಕಳು ನಿದ್ದೆ ಬಿಡಿ, ರೆಪ್ಪೆಯನ್ನೂ ಮುಚ್ಚುತ್ತಿರಲಿಲ್ಲ. ಹಪ್ಪಳ ತುಸು ಕಡಿಮೆ ಕಂಡರೂ, ಮಕ್ಕಳು ಹಸಿಯಾಗಿಯೇ ಕದ್ದು ತಿಂದಿರಬೇಕೆಂದು ವಾಗ್ದೇವಿ ಸುಮ್ಮನಾದಳು.

ಪೆಪ್ಪರಮಿಂಟು ಮುಗಿಯಿತು. ಹಸೈನಾರ್ ಅಂಗಡಿಗೆ ಓಡಿದೆ.

"ಎಂತ ಮಾಸ್ಟ್ರೇ, ಇಡೀ ಡಬ್ಬಿಯೇ ಬೇಕಾ? ಮನೆಯಲ್ಲಿ ಮದುವೆ ಉಂಟಾ?"

"ಮದುವೆಯಲ್ಲ ಹಸೈನಾರ್, ಪ್ರಯೋಗ! ಮಹಾಪ್ರಯೋಗ!"

ಡಬ್ಬಿ ಬಗಲಲ್ಲಿ ಹಿಡಿದು ಮನೆಯ ತಿರುವಿಗೆ ಬಂದಾಗ ನಮ್ಮ ಹಂಚಿನ ಮಾಡು ಕಪ್ಪಗಾಗಿತ್ತು. ಬಾವಿಕಟ್ಟೆ ಕಪ್ಪು, ಬಟ್ಟೆ ಒಣಗಿಸುವ ಹಗ್ಗವೂ ಕಪ್ಪು. ನಡುವೆ ಕೃಷ್ಣ ಹಪ್ಪಳ ಹರಿದು ಎರಚುತ್ತಿದ್ದ. ಸುಂದರಿ ಎರಡೂ ಕೈಯಿಂದ ಕಾಳು ಹಾಕುತ್ತಿದ್ದಳು.

"ಅಪ್ಪಾ! ಇಡೀ ಹಪ್ಪಳ ಹಾಕಿದರೆ ಎರಡೇ ಕಾಗೆ ಬರ್ತದೆ. ಎಂಟು ಚೂರು ಮಾಡಿ ಹಾಕಿದರೆ ಎಂಟು ಬರ್ತದೆ!"

"ಭೇಷ್!" ಎಂದುಬಿಟ್ಟೆ. ಆರು ವರ್ಷದ ಮಗು ತಾನಾಗಿ ಕಂಡುಕೊಂಡ ನಿಯಮ! ಆದರೆ ಬಾಗಿಲಲ್ಲಿ ವಾಗ್ದೇವಿ ನಿಂತಿದ್ದಳು.

"ಭೇಷಾ? ಊರಿನ ಕಾಗೆಗಳಿಗೆಲ್ಲ ಸಮಾರಾಧನೆ ಮಾಡಿಸಿ, ಭೇಷಾ? ಅಮ್ಮನಿಗೆ ಎಂತ ಕಳಿಸುವುದು, ನಿಮ್ಮ ಹುಣಸೆ ಬೀಜವಾ?"

"ಅಮ್ಮ, ಅದು ನಮ್ಮದು!" ಎಂದ ಕೃಷ್ಣ.

ತೀರ್ಪು ಆಗಲೇ ಹೊರಬಿತ್ತು. ಹಲಸಿನಕಾಯಿ ನಾನೇ ಕೊಯ್ದೆ, ಹೆಚ್ಚಿದೆ. ಅಂಟಿದ ಮೇಣ ತೆಂಗಿನೆಣ್ಣೆಗೂ ಜಗ್ಗದೆ ಬೆರಳುಗಳು ಜೋಡಿ ಜೋಡಿಯಾದವು. ಹಪ್ಪಳ ಒತ್ತಿದ್ದೂ ನಾನೇ. ಕಾವಲಿಗೂ ನಾನೇ: ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕೈಯಲ್ಲಿ ಕೊಡೆ.

"ಎಣಿಸಿ, ಬೇಡ ಅನ್ನುವುದಿಲ್ಲ," ಎಂದಿದ್ದಳು ಅವಳು. "ಆದರೆ ಕಾಗೆಗೆ ಹೋದ ಒಂದೊಂದು ಹಪ್ಪಳಕ್ಕೂ ಒಂದೊಂದು ಹಲಸಿನಕಾಯಿ ಹೆಚ್ಚಿಸ್ತೇನೆ."

ಶನಿವಾರ ಸಂಜೆಗೆ ಹಪ್ಪಳ ಕಟ್ಟು ಕಟ್ಟುವಷ್ಟು ಒಣಗಿತು. ನನ್ನ ವೇಷಕ್ಕೆ ಹೆದರಿ ಹೆಚ್ಚಿನ ಕಾಗೆಗಳು ದೂರವೇ ಉಳಿದಿದ್ದವು. ಗೆರಟೆಯಲ್ಲಿ ಒಂಬತ್ತು ಕಾಳು.

"ಅಪ್ಪಾ, ಇನ್ನು ಒಂದೇ ಒಂದು ಕಾಗೆ," ಎಂದಳು ಸುಂದರಿ. ಕೃಷ್ಣನ ತುಟಿ ನಡುಗುತ್ತಿತ್ತು. ಬಾವಿಕಟ್ಟೆಯ ಮೇಲೆ ಒಂದು ಕಾಗೆ ಕತ್ತು ಓರೆ ಮಾಡಿ ನಮ್ಮನ್ನೇ ನೋಡುತ್ತಿತ್ತು.

ಅಡಿಗೆಮನೆಯ ಕಿಟಕಿ ನೋಡಿದೆ. ಯಾರೂ ಇಲ್ಲ. ಒಂದು ಹಪ್ಪಳದ ಅಂಚನ್ನು (ವಿಜ್ಞಾನದ ಹಿತದೃಷ್ಟಿಯಿಂದ) ಸದ್ದಾಗದಂತೆ ಮುರಿದು ಎಸೆದೆ. ಕಾಗೆ ಇಳಿಯಿತು.

"ಹತ್ತು!" ಎಂದು ಮಕ್ಕಳು ಕುಣಿದರು.

"ಒಂದು!" ಎಂದಿತು ಕಿಟಕಿ.