ಚಂಪಿ ಗಾಡಿ ಹತ್ತಿದ ಕಥೆ

ಹೊಟ್ಟೆ ತುಂಬಿದಾಗ ಮನುಷ್ಯ ಯಾರಿಗೂ ಮಾತು ಕೊಡಬಾರದು. ಹಸಿದವನು ಯೋಚಿಸಿ ಮಾತಾಡುತ್ತಾನೆ. ನಾಲ್ಕು ಹೋಳಿಗೆ, ಮೇಲೆ ಧಾರಾಳ ತುಪ್ಪ ಒಳಗಿಳಿಸಿದವನು ಮಾತ್ರ ದೊಡ್ಡ ದಾನಿಯಾಗಿಬಿಡುತ್ತಾನೆ. ಇಂಡಿಯಲ್ಲಿ ನನ್ನ ಹೆಂಡತಿಯ ತಮ್ಮ ಬಸುವಿನ ಮದುವೆ ನಿಶ್ಚಯವಾದ ದಿನ ನನಗಾದದ್ದು ಇದೇ. ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡು, ಬೀಗರೆಲ್ಲರ ಎದುರಿಗೆ, "ಮದಿಮಗ ಬಾಡಿಗಿ ಕುದುರಿ ಮ್ಯಾಲ ಯಾಕ್ ಬರ್ಬೇಕ್ರಿ? ನಮ್ಮ ಚಂಪಿ ಐತಿ!" ಎಂದುಬಿಟ್ಟೆ. ಎಲ್ಲರೂ ಭಲೇ ಎಂದರು. ನನ್ನ ಹೆಂಡತಿ ಗೌರಿ ಮಾತ್ರ ಬಾಗಿಲ ಮರೆಯಿಂದ ಒಂದು ನೋಟ ನೋಡಿದಳು. ಮದುವೆಯಾದವರಿಗೆ ಆ ನೋಟವನ್ನು ವಿವರಿಸಬೇಕಾಗಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಾಯಿ ಬಿಟ್ಟಳು. "ಚಂಪಿ ಇರೂದು ನಮ್ಮೂರು ತಂಗಡಗ್ಯಾಗ, ಮದಿವಿ ಇಂಡ್ಯಾಗ. ಹೆಗಲ ಮ್ಯಾಲ ಹೊತ್ಕೊಂಡು ಹೋಗ್ತೀರೇನು? ತವರಮನ್ಯಾಗ ನನ್ನ ಮಾರಿ ಸಣ್ಣದ್ ಮಾಡಿದ್ರ ನೋಡ್ರಿ ಮತ್ತ!"

ಚಂಪಿ ನಮ್ಮ ಹೆಣ್ಣು ಕುದುರೆ. ಮರಿಯಾಗಿದ್ದಾಗ ಅದನ್ನು ಮನೆಗೆ ತಂದವನು ನಾನು, ತಂದದ್ದಕ್ಕೆ ಬೈದವಳು ಗೌರಿ. ಈಗ ಕುದುರೆ ಅವಳದು, ಬೈಗುಳ ಮಾತ್ರ ನನ್ನ ಪಾಲಿಗೆ ಉಳಿದಿದೆ. ದಿನಾ ಬೆಳಿಗ್ಗೆ ಗೌರಿ ಹಿತ್ತಲ ಬಾಗಿಲಿಗೆ ರಂಗೋಲಿ ಹಾಕಿ ಒಲೆ ಹಚ್ಚುತ್ತಾಳೆ. ಚಂಪಿ ಬಂದು ರಂಗೋಲಿಯ ಆಚೆ ನಿಲ್ಲುತ್ತದೆ. ಮೊದಲ ಜೋಳದ ರೊಟ್ಟಿ ಅದಕ್ಕೆ. ಮರಿಯಿದ್ದಾಗ ಒಮ್ಮೆ ರಂಗೋಲಿ ತುಳಿದು ಕಸಬರಿಗೆಯ ಏಟು ತಿಂದದ್ದೇ ಕೊನೆ, ಆಮೇಲೆ ಗೊರಸು ತಾಗಿಸಿಲ್ಲ. ಎರಡನೆಯ ರೊಟ್ಟಿ ನನಗೆ.

ನಾನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಗಣಿತದವನಿಗೆ ಯಾವ ಕೆಲಸ ಕೊಟ್ಟರೂ ಮೊದಲು ಅಳೆಯುತ್ತಾನೆ. ಕುದುರೆ ಸಾಗಿಸುವ ಗಾಡಿ ಹೇಗಿರಬೇಕೆಂದು ಮೊಬೈಲಿನಲ್ಲಿ ಎಂಟು ದಿನ ನೋಡಿದೆ. ಹತ್ತುವ ಹಲಗೆ ಕಡಿದಾಗಿರಬಾರದು, ಕಾಲಿಟ್ಟರೆ ಅಲುಗಬಾರದು, ಜಾರಬಾರದು, ಒಳಗೆ ಕತ್ತಲಿರಬಾರದು, ತಲೆ ತಾಗಬಾರದು. ಇಷ್ಟು ತಿಳಿದ ಮೇಲೆ ನನಗೆ ಯಾವ ಗಾಡಿಯೂ ಪಾಸಾಗಲಿಲ್ಲ. ನೆರೆಮನೆಯವರು ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರಾಲಿ ಕೊಡುತ್ತೇನೆಂದರು. ಅದನ್ನು ಹತ್ತಲು ಚಂಪಿಗೆ ಏಣಿ ಬೇಕಾಗಿತ್ತು. ಬಸು ಲಿಂಬೆಹಣ್ಣಿನ ಟೆಂಪೋ ಕಳಿಸುತ್ತೇನೆಂದ. ಅದರ ಮಾಡು ಎಷ್ಟು ತಗ್ಗೆಂದರೆ ಚಂಪಿ ದಾರಿಯುದ್ದಕ್ಕೂ ತಲೆ ತಗ್ಗಿಸಿಕೊಂಡೇ ನಿಲ್ಲಬೇಕಾಗಿತ್ತು. ಅದು ನನ್ನ ಅಭ್ಯಾಸ, ಅದರದಲ್ಲ. ಕೊನೆಗೆ ಸಿಂದಗಿಯಲ್ಲಿ ಯಾರೋ ಕುದುರೆ ಮಾರಿಕೊಂಡವರ ಹಳೆಯ ಗಾಡಿಯೊಂದು ಸಿಕ್ಕಿತು. ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಹಿಡಿದು ಅದರ ಹಲಗೆಯ ಪಕ್ಕ ನೆಲಕ್ಕೆ ಅಂಗಾತ ಮಲಗಿದ ನನ್ನನ್ನು ನೋಡಿ ಮಾಲಕ, "ಸರ್, ಚಕ್ಕರ್ ಬಂತೇನ್ರಿ? ನೀರ್ ತರ್ಲೇನು?" ಎಂದು ಓಡಿ ಬಂದ.

ಆ ಗಾಡಿಯನ್ನು ಬಸವನ ಬಾಗೇವಾಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಹಳೆಯ ಗೆಳೆಯ ದಸ್ತಗೀರನಿಗೆ ಒಪ್ಪಿಸಿದೆ. ಅವನು ಹಲಗೆಯನ್ನು ಉದ್ದ ಮಾಡಿದ, ಎಮ್ಮೆಗೆ ಹಾಸುವ ಕಪ್ಪು ರಬ್ಬರು ಹಾಸಿದ, ಎರಡೂ ಕಡೆ ಕಿಟಕಿ ಕೊರೆದ. ನಾವು ಹೊರಡುವುದಕ್ಕೆ ಎರಡು ದಿನ ಮೊದಲೇ ತನ್ನ ಜೀಪಿಗೆ ಕಟ್ಟಿಕೊಂಡು ತಂಗಡಗಿಗೆ ತಂದು, "ಮಾಸ್ತರ, ಒಮ್ಮಿ ಹತ್ತಿಸಿ ನೋಡಿಬಿಡೂಣು" ಎಂದ. ನಾನು ಹೌಹಾರಿದೆ. "ಏ ಮಾರಾಯಾ, ಪೂಜಾ ಆಗಲಾರದ ಗಾಡ್ಯಾಗ ಕಾಲ್ ಇಡೂದ? ಹೊಂಡೂ ದಿನ ಪೂಜಾ ಮಾಡಿ ಹತ್ತಿಸೂಣು!" ನಮ್ಮ ಕಡೆ ಸೈಕಲ್ಲಿಗೂ ಪೂಜೆಯಾಗದೆ ಪೆಡಲ್ ತುಳಿಯುವುದಿಲ್ಲ. ದಸ್ತಗೀರನೂ ನಮ್ಮ ಕಡೆಯವನೇ, ಅದು ಹೌದೆಂದ.

ಹೊರಡುವ ದಿನ ಬೆಳಿಗ್ಗೆ ಗೌರಿ ಗಾಡಿಗೆ ಹೂವಿನ ಮಾಲೆ ಹಾಕಿ, ಚಕ್ರಗಳ ಕೆಳಗೆ ಲಿಂಬೆಹಣ್ಣಿಟ್ಟು, ಹಲಗೆಯ ಕಪ್ಪು ರಬ್ಬರಿನ ಮೇಲೆ ಎದ್ದು ಕಾಣುವ ಹಾಗೆ ಒಂದು ರಂಗೋಲಿ ಹಾಕಿ, ಸೀರೆ ಉಡಲು ಒಳಗೆ ಹೋದಳು. ನಾನು ಕಾಯಿ ಒಡೆದು ಚಂಪಿಯ ಹಗ್ಗ ಹಿಡಿದೆ. ಹಲಗೆಯವರೆಗೆ ಮದುಮಗಳ ಹಾಗೆ ಬಂತು. ಅಲ್ಲಿ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಎಳೆದೆ, ಬರಲಿಲ್ಲ. ದಸ್ತಗೀರ ಹಿಂದಿನಿಂದ ಉಶ್ ಉಶ್ ಎಂದ, ಬರಲಿಲ್ಲ. ಬೆಲ್ಲ ತೋರಿಸಿದೆವು, ಕತ್ತು ಚಾಚಿ ಬೆಲ್ಲ ತಿಂದು ಮತ್ತೆ ಅಲ್ಲೇ ನಿಂತಿತು. "ಏರು ಜಾಸ್ತಿ ಆತೇನೋ" ಎಂದು ಮತ್ತೆ ಕೋನ ಅಳೆದೆ. ಹೆದರಿಕೆ ಹೋಗಲೆಂದು ನಾನೇ ಹತ್ತಿ ಇಳಿದು ತೋರಿಸಿದೆ, ಒಂದಲ್ಲ, ಏಳು ಸಲ. ಓಣಿಯ ಜನ ಸೇರಿತು. ಎದುರುಮನೆಯ ಮುದುಕಿ ಕಟ್ಟೆಯ ಮೇಲೆ ಕುಳಿತು, "ಮಾಸ್ತರ ಪಾಸಾದ, ಕುದುರಿ ಇನ್ನಾ ಹತ್ತವಲ್ದು" ಎಂದು ಒಳಗಿದ್ದ ಸೊಸೆಗೆ ಕೂಗಿ ವರದಿ ಒಪ್ಪಿಸುತ್ತಿದ್ದಳು. ಬಿಸಿಲೇರಿತು. ಬಸುವಿನ ಫೋನು ಬಂತು. "ಮಾಮಾ, ಎಲ್ಲಿಗೆ ಬಂದ್ರಿ?" ನಾನು ಸುಳ್ಳು ಹೇಳುವವನಲ್ಲ. "ಗಾಡ್ಯಾಗ ಅದೀನಪಾ" ಎಂದೆ. ಆ ಹೊತ್ತಿಗೆ ಗಾಡಿಯೊಳಗೇ ಇದ್ದೆ. ಆದರೆ ಬೀಗರ ಎದುರಿಗೆ ಗೌರಿಯ ಮುಖ ಸಣ್ಣದಾಗುವುದನ್ನು ನೆನೆದು ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಗೌರಿ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಬೆವರಿಳಿಯುತ್ತಿದ್ದ ನಮ್ಮನ್ನು ನೋಡಿದಳು, ಚಂಪಿಯನ್ನು ನೋಡಿದಳು, ಹಲಗೆಯನ್ನು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. "ಅಯ್ಯ ನಿಮ್ಮ, ಅದು ಅಂಜಿಲ್ರಿ! ರಂಗೋಲಿ ತುಳಿಬಾರ್ದಂತ ನಿಂತೈತಿ! ರೊಟ್ಟಿ ಬರ್ತೈತಂತ ಕಾಯಾಕತ್ತೈತಿ!" ಒದ್ದೆ ಬಟ್ಟೆ ತಂದು, "ತಪ್ಪ ತಿಳಿಬ್ಯಾಡವ್ವ ತಾಯಿ" ಎಂದು ಗಾಡಿಗೆ ಕೈಮುಗಿದು, ರಂಗೋಲಿ ಒರೆಸಿದಳು. ಮದುವೆಗೆಂದು ಕಟ್ಟಿದ್ದ ರೊಟ್ಟಿಯ ಗಂಟಿನಿಂದ ಒಂದನ್ನು ತೆಗೆದು ಒಳಗೆ ಹೋಗಿ ನಿಂತು, "ಬಾ ಚಂಪವ್ವ" ಎಂದಳು. ಚಂಪಿ ಟಕ್ ಟಕ್ ಎಂದು ಹತ್ತಿ ರೊಟ್ಟಿಗೆ ಬಾಯಿ ಹಾಕಿತು. ಓಣಿಯವರೆಲ್ಲ ಹೋ ಎಂದು ಕೂಗಿದರು. ನನಗೆ ಕುಣಿಯಬೇಕೆನಿಸಿತು, ಒಂದು ಹೆಜ್ಜೆ ಕುಣಿದೆ ಕೂಡ.

"ನಾ ಏಳ್ ಸಲ ಹತ್ತಿ ತೋರ್ಸೀನಿ, ಆದ್ರೂ ಅದಕ್ಕ ತಿಳೀಲಿಲ್ಲ ನೋಡು" ಎಂದೆ ಗೌರಿಗೆ. "ಹೌದ್ರಿ, ಸೀರಿ ಉಡೂಮುಂದ ಕಿಡಕ್ಯಾಗಿಂದ ನೋಡೇನಿ, ಅದಕ್ಕೇನೋ ಕಲಸಾಕತ್ತೀರಂತ ಅನ್ಕೊಂಡೆ. ಏಳೂ ಸಲ ರಂಗೋಲಿ ದಾಟಿ ಜಿಗಿದೀರಿ. ತನಗ ಜಿಗ್ಯಾಕ ಬರೂದಿಲ್ಲಂತ ತಿಳ್ಕೊಂಡು ನಿಂತಿರ್ಬೇಕು" ಎಂದಳು.

ಮರುದಿನ ಇಂಡಿಯಲ್ಲಿ ಬಸು ಚಂಪಿಯ ಮೇಲೆ ರಾಜನಂತೆ ಬಂದ. ಗೌರಿಯ ಮುಖ ಊರಗಲವಾಗಿತ್ತು. ಗಾಡಿ ಹೇಗೆ ಆರಿಸಿದಿರಿ ಎಂದು ಕೇಳಿದ ಬೀಗರಿಗೆಲ್ಲ ನಾನು ಕೋನ, ರಬ್ಬರು, ಬೆಳಕು ಎಂದು ಒಂದು ತಾಸು ಪಾಠ ಮಾಡಿದೆ. ರಂಗೋಲಿಯ ಅಧ್ಯಾಯವನ್ನು ಬಿಟ್ಟೆ. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಎಲ್ಲರೂ ದಡದಡನೆ ಒಳಗೆ ನುಗ್ಗಿದರು. ನಾನೊಬ್ಬನೇ ಪಂಕ್ತಿಯ ಮನೆಯ ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೂ ಕಾಲು ಏಳಲಿಲ್ಲ. ಯಾಕೆಂದು ಕೆಳಗೆ ನೋಡಿದೆ. ಹೊಸ್ತಿಲ ಮುಂದೆ ದೊಡ್ಡದೊಂದು ರಂಗೋಲಿ ಇತ್ತು. ತಲೆ ಎತ್ತಿದರೆ ಒಳಗೆ ಗೌರಿ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದಳು, ನಗುತ್ತಾ. "ಬರ್ರಿ" ಎಂದಳು. ಹೋದೆ.